ನಾರಾಯಣಗೂಡದಿಂದ ತಂದ ಹೊಸ್ತಿಲು

ನನ್ನ ಮನೆಯಾಕೆ ಗಂಗೂಗೆ,

ನೀನು ಹೇಗಿದ್ದೀ ಎಂದು ಕೇಳುವ ಹಾಗಿಲ್ಲ. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವವಳಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಪತ್ರವನ್ನು 'ಐ ಆ್ಯಮ್ ಕ್ವೈಟ್ ವೆಲ್ ಹಿಯರ್ ಆ್ಯಂಡ್ ಹೋಪ್ ದಿ ಸೇಮ್' ಎಂದು ಶುರು ಮಾಡಬೇಕೆಂದು ಕಲಿಸಿದ್ದರು. ಮುಂದಿನದು ಮರೆತೇ ಹೋಗಿದೆ. ನೆನಪಿರುವುದೂ ಈಗ ಕೆಲಸಕ್ಕೆ ಬಾರದು. ಇರಲಿ, ಎಲ್ಲೆಲ್ಲೋ ಹೋಗುತ್ತೇನೆ. ನಿನಗೆ ಹೊಸ್ತಿಲಿನ ಸುದ್ದಿ ಹೇಳಬೇಕಿತ್ತು.

ನಾರಾಯಣಗೂಡದ ಬಾಡಿಗೆ ಮನೆ ಬಿಟ್ಟ ದಿನ ನಿನಗೆ ನೆನಪಿದೆಯೇ? ಊರೆಲ್ಲ ಸಾಫ್ಟ್‌ವೇರ್ ಸಾಫ್ಟ್‌ವೇರ್ ಎನ್ನುತ್ತಿದ್ದ ಕಾಲ. ನಮ್ಮ ಓಣಿಯ ಹಳೆಯ ಮನೆಗಳು ಒಂದೊಂದೇ ಬಿದ್ದು ಅಪಾರ್ಟ್‌ಮೆಂಟ್ ಏಳುತ್ತಿದ್ದವು. ನಮ್ಮ ಮಾಲೀಕರೂ ಬಿಲ್ಡರನಿಗೆ ಹೂಂ ಅಂದರು. ಸಾಮಾನು ಲಾರಿಗೆ ಏರಿದ ಮೇಲೆ ನೀನು ಅವರ ಮುಂದೆ ನಿಂತು, ನಿನ್ನ ಆ ಹಿಂದಿಯಲ್ಲಿ, "ಸೇಠಜೀ, ಘರ್ ತುಮ್ಹಾರಾ. ಹೊಸ್ತಲಾ ಮೇರಾ" ಎಂದೆ. ಅವರಿಗೆ ಅರ್ಥವೇ ಆಗಲಿಲ್ಲ. ನೀನು ಬಗ್ಗಿ ಬಾಗಿಲಡಿಯ ತೇಗದ ಹಲಗೆಯನ್ನು ತಟ್ಟಿ ತೋರಿಸಿದಾಗ ನಕ್ಕು, ತಗೊಂಡು ಹೋಗಮ್ಮಾ ಅಂದರು. ಮದುವೆಯಾಗಿ ಬಂದ ಮರುದಿನದಿಂದ ನೀನು ದಿನವೂ ಅರಿಶಿನ ಹಚ್ಚಿದ ಹಲಗೆ ಅದು. ನಾನು ಅದರ ಮೇಲೆ ನಿಂತು ಪೇಪರ್ ಓದಿದರೆ ಅಡುಗೆಮನೆಯಿಂದಲೇ "ಇಳೀರಿ ಕೆಳಗ" ಎಂದು ದನಿ ಬರುತ್ತಿತ್ತು. ನೋಡದೆ ನಿನಗೆ ಹೇಗೆ ಗೊತ್ತಾಗುತ್ತಿತ್ತು? ಈಗ ಯಾರನ್ನು ಕೇಳಲಿ?

ಸಿಕಂದರಾಬಾದ್ ಕಡೆಯ ಈ ಫ್ಲಾಟಿಗೆ ಕಾಲಿಟ್ಟ ಕೂಡಲೇ ನೀನು ಕೆಳಗೆ ನೋಡಿದೆ. ಬಾಗಿಲಿಗೆ ಮೂರೇ ಕಡೆ ಚೌಕಟ್ಟು. ಕೆಳಗೆ ಹೊರಗಿನ ಟೈಲ್ಸೇ ಸೀದಾ ಒಳಗೆ ಬಂದಿತ್ತು.

"ಹೊಸ್ತಲಾ ಇಲ್ಲದ ಮನಿ ಸಿಕಂದರಾಬಾದ್ ಸ್ಟೇಶನ್ ಇದ್ದಂಗರಿ," ಎಂದೆ ನೀನು. "ಯಾರ ಬಂದ್ರು, ಯಾರ ಹೋದ್ರು, ತಿಳಿಯಂಗಿಲ್ಲ."

ಆಟೋದಲ್ಲಿ ತಂದ ಹಲಗೆಯನ್ನು ಬಾಲ್ಕನಿಯಲ್ಲಿ ಮಲಗಿಸಿ, ನೀನು ದಿನಾ ಸ್ನಾನ ಮಾಡಿ ಬಂದು ಅಲ್ಲೇ ಅರಿಶಿನ ಹಚ್ಚತೊಡಗಿದೆ.

"ಬಾಲ್ಕನ್ಯಾಗಿನ ಹೊಸ್ತಲಾ ದಾಟಿ ಯಾರ ಬರ್ತಾರ? ಪಾರಿವಾಳಾ?" ಎಂದು ನಾನು ಚುಡಾಯಿಸಿದರೆ, "ಬರ್ಲೇಳ್ರಿ. ಅವಕ್ಕೂ ಮರ್ಯಾದಿ ಬ್ಯಾಡೇನು?" ಎನ್ನುತ್ತಿದ್ದೆ ನೀನು.

ನಮ್ಮ ಮರಗೆಲಸದ ಕ್ಲಬ್ಬನ್ನು ನೀನು 'ಕಟ್ಟಿಗಿ ಸಂಘ' ಎಂದು ಕರೆದದ್ದು ಕೊನೆಗೆ ಎಲ್ಲರ ಬಾಯಲ್ಲೂ ನಿಂತಿತು. ಭಾನುವಾರ ಯೂಸುಫ್ ಭಾಯಿಯ ಕಾರಿಲ್ಲದ ಗ್ಯಾರೇಜಿನಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಅವರು ಬ್ಯಾಂಕಿನಿಂದ ನಿವೃತ್ತರು, ಬೀದರಿನವರು. ನನ್ನ ಜೊತೆ ಡಿಫೆನ್ಸ್ ಫ್ಯಾಕ್ಟರಿಯಲ್ಲಿದ್ದ ವಿಜಾಪುರದ ಬಿರಾದಾರ. ಉಳಿದವರು ತೆಲುಗಿನವರು. ಸರಕಾರಿ ಶಾಲೆಗೆ ಸ್ಟೂಲು ಮಾಡಿಕೊಟ್ಟೆವು, ಕಾಲೊನಿಯ ಲೈಬ್ರರಿಗೆ ಕಪಾಟು. ನಡುನಡುವೆ ಪಾಳಿಯ ಪ್ರಕಾರ ಒಬ್ಬೊಬ್ಬ ಸದಸ್ಯನ ಮನೆಗೂ ಒಂದು ಸಾಮಾನು. ನಮ್ಮ ಒಂದು ಪದ್ಧತಿ ಮಾತ್ರ ನಿನಗೆ ಭಾರಿ ಮೋಜು. ಯಾರ ಮನೆಯ ಸಾಮಾನೋ ಅವರು ಆ ದಿನ ಉಳಿ, ಗರಗಸ ಮುಟ್ಟುವಂತಿಲ್ಲ. ಎಲ್ಲರಿಗೂ ಚಹಾ ಮಾಡಬೇಕು. "ತನ್ನ ಸಾಮಾನಿನ ಮ್ಯಾಲ ಆದ್ಮಿ ಭಾಳ ಜೋರ್ ಹಾಕ್ತಾನ. ಕಟ್ಟಿಗಿ ಸೀಳ್ತೈತಿ," ಎನ್ನುತ್ತಿದ್ದರು ಯೂಸುಫ್ ಭಾಯಿ.

"ಹಂಗಾರ ನಮ್ಮ ಪಾಳಿ ಲಗೂನ ಬರ್ಲಿ," ಎಂದಿದ್ದೆ ನೀನು. "ಹೊಸ್ತಲಾನೂ ಕುಂದರ್ತೈತಿ, ನೀವು ಚಹಾ ಮಾಡೂದೂ ಕಲೀತೀರಿ."

ಪಾಳಿ ಬಂತು ಗಂಗೂ. ನೀನಿರಲಿಲ್ಲ.

ನೀನು ಹೋದಾಗ ಕ್ಲಬ್ಬಿನವರು ಕೊಟ್ಟ ಕಾರ್ಡಿನಲ್ಲಿ 'ಇರ್ರಿಪೇರಬಲ್ ಲಾಸ್' ಎಂದಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಮಾತು. ರಿಪೇರಿ ಆಗದ್ದು. ಕಾಲು ಮುರಿದ ಕುರ್ಚಿ ಯಾವುದನ್ನೂ ಎಸೆಯಗೊಡದ ಜನ ಬರೆದದ್ದು ಅದು. ಅವರಿಗೂ ಬೇರೆ ಏನು ಬರೆಯಲು ತೋಚೀತು?

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಆಟೋ ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ನಿನಗೆ ನಿಲ್ಲಲೂ ಆಗುತ್ತಿರಲಿಲ್ಲ. ಆದರೂ ಗೋಡೆ ಹಿಡಿದು ಬಾಲ್ಕನಿಗೆ ಹೋಗಿ, ಹಲಗೆಗೆ ಅರಿಶಿನ ಹಚ್ಚಿ ಬಂದೆ. ಆ ನಿನ್ನ ಬೆರಳುಗಳ ಗೆರೆ ಹಾಗೇ ಒಣಗಿತ್ತು. ನಾನು ಅದನ್ನು ಮುಟ್ಟಿರಲಿಲ್ಲ. ತಿಂಗಳುಗಟ್ಟಲೆ ಧೂಳು ಕೂತು ಮಣ್ಣಿನ ಬಣ್ಣಕ್ಕೆ ತಿರುಗಿದ್ದರೂ, ನನಗೆ ಎಲ್ಲಿಂದ ಎಲ್ಲಿಗೆ ಎಂದು ಗೊತ್ತಿತ್ತು. ಚಹಾದ ಲೋಟ ಹಿಡಿದು ಅದರ ಪಕ್ಕದಲ್ಲಿ ಕೂತರೆ ನೀನು ಒಳಗೆ ಎಲ್ಲೋ ಇದ್ದ ಹಾಗೆ…

ಹಲಗೆಯನ್ನು ಗ್ಯಾರೇಜಿಗೆ ಒಯ್ದ ಭಾನುವಾರ ನಾನು ಬಿರಾದಾರನಿಗೆ "ಸಾವಕಾಶ" ಎಂದಷ್ಟೇ ಹೇಳಿದೆ. ಬಾಗಿಲ ಅಳತೆಗೆ ತುದಿ ಕೊಯ್ದು ತರುತ್ತಾರೆ ಎಂದುಕೊಂಡಿದ್ದೆ. ಪದ್ಧತಿಯಂತೆ ಹೊರಗೆ ಸ್ಟೋವ್ ಹಚ್ಚಿ ಚಹಾಕ್ಕಿಟ್ಟೆ. ಒಳಗೆ ರಂದಾ ಆಡುವ ಸದ್ದು ಕೇಳಿಸಿತು. ಮರ ಹೆರೆಯುವ ರಂದಾದ ಆ ಸದ್ದು ನನಗೆ ಎಷ್ಟು ಇಷ್ಟ ಎಂದು ನಿನಗೆ ಗೊತ್ತು. ಅಡಿಭಾಗ ಸಮ ಮಾಡುತ್ತಿದ್ದಾರೆ ಎಂದುಕೊಂಡು ಶುಂಠಿ ಜಜ್ಜುತ್ತಾ ಕೂತೆ.

ಚಹಾ ತಗೊಂಡು ಒಳಗೆ ಹೋದರೆ ಬಿರಾದಾರ ಬೆವರಿ ನಿಂತಿದ್ದ. ಮುಖದಲ್ಲಿ ಹಬ್ಬ.

"ನೋಡ್ರಿ ಹಿರೇಮಠ, ಕನ್ನಡಿ ಆಗೇತಿ ಕನ್ನಡಿ! ಎಷ್ಟ ವರ್ಷದ ಹೊಲಸ ಕುಂತಿತ್ತರಿ ಇದರ ಮ್ಯಾಲ. ಎಲ್ಲಾ ತಗದ ಒಗದೇನಿ."

ತೇಗ ಹೊಳೆಯುತ್ತಿತ್ತು. ಸುಳ್ಳು ಹೇಳಬಾರದು, ಅಷ್ಟು ಚೆಂದದ ಮರವನ್ನು ನಾನು ನೋಡಿರಲಿಲ್ಲ. ಅದರ ಮೇಲೆ ನೀನಿರಲಿಲ್ಲ. ಬಿರಾದಾರನ ಮನೆಯಲ್ಲೂ ಅರಿಶಿನ ಹಚ್ಚುತ್ತಾರೆ, ಅವನಿಗೇನು ಗೊತ್ತಿಲ್ಲವೇ? ಆದರೆ ರಂದಾ ಕೈಗೆ ಬಂದರೆ ನಮ್ಮ ಸಂಘದವರಿಗೆ ಮರದ ಮೇಲಿರುವುದೆಲ್ಲ ಹೊಲಸಾಗಿಯೇ ಕಾಣುತ್ತದೆ. ಬೇರೆಯವರ ಹಲಗೆಯಾಗಿದ್ದರೆ ನಾನೂ ಹೆರೆದು, ಹಾಗೇ ಬೆನ್ನು ತಟ್ಟಿಸಿಕೊಳ್ಳುತ್ತಿದ್ದೆ.

"ಭಾಳ ಛಂದ ಆಗೇತಿ," ಎಂದೆ. ಚಹಾ ಕೆಳಗಿಟ್ಟೆ. ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದದ್ದನ್ನು ಆರಿಸತೊಡಗಿದೆ. ಹೊರಮೈ ಕಂದು, ಒಳಗೆ ಹಳದಿ.

"ಏ, ಬಿಡ್ರಿ, ಕಸಾ ನಾ ಬಳೀತೇನಿ," ಎಂದ ಬಿರಾದಾರ.

ಯೂಸುಫ್ ಭಾಯಿ ಒಂದು ಸುರುಳಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನನ್ನ ಮುಖ ನೋಡಿದರು. "ಬಿರಾದಾರ್, ಸುಮ್ಕಿರು. ಇದು ಕಸಾ ಅಲ್ಲ. ಹಲ್ದಿ ಐತಿ. ಭಾಭಿ ಹಚ್ಚಿದ್ದು."

ಬಿರಾದಾರ ಸ್ಟೂಲಿನ ಮೇಲೆ ಕುಸಿದು ಕೂತ. ರಂದಾ ತೊಡೆಯ ಮೇಲೆ. "ವೈನಿಯವರದೇನ್ರಿ?" ಎಂದ. "ಒಂದ ಮಾತ ಹೇಳಬಾರದೇನ್ರಿ ಹಿರೇಮಠ?" ಅವತ್ತು ಯಾರೂ ಚಹಾ ಕುಡಿಯಲಿಲ್ಲ.

ಆರಿಸಿದ ಸುರುಳಿಗಳನ್ನು ಅಲ್ಲೇ ಬಿಟ್ಟು, ಹಲಗೆಯನ್ನಷ್ಟೇ ಮನೆಗೆ ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಕೂರಿಸುವ ಮನಸ್ಸಿರಲಿಲ್ಲ. ಅಂಗಡಿಯಿಂದ ತಂದ ಯಾವ ಹಲಗೆಗೂ ಇದಕ್ಕೂ ಈಗ ಏನು ಫರಕು? ಯಾರಿಗಾದರೂ ಕೊಟ್ಟುಬಿಡೋಣ ಎಂದೂ ಅನಿಸಿತು. ಬಾಲ್ಕನಿಯಲ್ಲಿ ಅದು ಮಲಗಿದ್ದ ಜಾಗ ಟೈಲ್ಸಿನ ಮೇಲೆ ಬೆಳ್ಳಗೆ ಉಳಿದಿತ್ತು. ಬೆಳಿಗ್ಗೆ ಚಹಾ ಹಿಡಿದು ಆ ಜಾಗದ ಪಕ್ಕದಲ್ಲೇ ಕೂರುತ್ತಿದ್ದೆ. ಏನು ಮಾಡಲಿ, ರೂಢಿ.

ಮುಂದಿನ ಭಾನುವಾರ ಕ್ಲಬ್ಬಿಗೆ ಹೋಗಲಿಲ್ಲ. ಹತ್ತು ಗಂಟೆಗೆ ಬೆಲ್ ಆಯಿತು. ಬಾಗಿಲಲ್ಲಿ ಬಿರಾದಾರ, ಅವನ ಹಿಂದೆ ಸಲಕರಣೆ ಚೀಲ ಹೊತ್ತ ಯೂಸುಫ್ ಭಾಯಿ. ನಾನು ಬೇಡವೆನ್ನುವಷ್ಟರಲ್ಲಿ ಬಿರಾದಾರ ಹಲಗೆ ತಂದು ಬಾಗಿಲಡಿ ಇಟ್ಟೇಬಿಟ್ಟ. ಬಿಲ್ಡರನ ಚೌಕಟ್ಟು ವಾರೆ. ಎಷ್ಟು ಸರಿಯಾಗಿ ಕೊಯ್ದಿದ್ದರೂ ಎರಡೂ ತುದಿಗೆ ಸಂದಿ ಉಳಿಯಿತು. ಅಂಥ ಸಂದಿಗೆ ಅದೇ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುವುದು ನಮ್ಮ ರೀತಿ. ಬಿರಾದಾರ ಚೀಲದಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದ. ಅದರ ತುಂಬ ಹಳದಿ ಪುಡಿ.

"ನೀವು ಹೋದ ಮ್ಯಾಲ ಉಳದದ್ದೆಲ್ಲಾ ಆರಿಸೇನ್ರಿ," ಎಂದ. "ನಮ್ಮಾಕಿ ಖಲಬತ್ತನ್ಯಾಗ ಕುಟ್ಟೇನಿ. ಒಂದ ಸುರುಳಿ ಬಿಟ್ಟಿಲ್ಲ."

ಅಂಟು ಹಾಕಿ ಕಲಸಿ, ನನ್ನ ಕೈಗೆ ಕೊಟ್ಟ.

"ನನ್ನ ಪಾಳಿ. ನಾ ಮುಟ್ಟಬಾರದು," ಎಂದೆ.

"ಇವತ್ತ ನೀವಽ ತುಂಬ್ರಿ," ಎಂದ ಬಿರಾದಾರ. "ಚಹಾ ನಾ ಮಾಡ್ತೇನಿ. ಸಕ್ಕರಿ ಎಲ್ಲಿ ಇಟ್ಟೀರಿ?"

ನೀನು ಸಕ್ಕರೆ ಇಡುತ್ತಿದ್ದ ಜಾಗವನ್ನು ನಾನು ಬದಲಿಸಿಲ್ಲ. ಹೇಳಿದೆ. ಮೊಣಕಾಲೂರಿ, ಬೆರಳಿನಿಂದಲೇ ಎರಡೂ ತುದಿ ತುಂಬಿದೆ. ನಿನ್ನ ಅಷ್ಟು ವರ್ಷದ ಬೆಳಗುಗಳು ಎರಡು ಸಂದಿಯಲ್ಲಿ ಹಿಡಿದುಬಿಟ್ಟವು ಗಂಗೂ. ಯೂಸುಫ್ ಭಾಯಿ ಮುಖ ಆ ಕಡೆ ಮಾಡಿ ಸುತ್ತಿಗೆ ಒರೆಸುತ್ತಾ ನಿಂತರು. ಬಿರಾದಾರನ ಚಹಾ ಬಾಯಿಗಿಡುವಂತಿರಲಿಲ್ಲ. ಮೂವರೂ ಕುಡಿದೆವು.

ನೀನು ಕೇಳದ ಸುದ್ದಿ ಇನ್ನೊಂದಿದೆ. ಈಗ ಅರಿಶಿನ ನಾನೇ ಹಚ್ಚುತ್ತೇನೆ. ಮೊದಲ ದಿನ ನೀರು ಹೆಚ್ಚಾಗಿ ಟೈಲ್ಸಿನ ಮೇಲೆಲ್ಲ ಹರಿಯಿತು. ಗೆರೆ ಇನ್ನೂ ಸೊಟ್ಟ. ಇರಲಿ, ಕೈ ಕೂರುತ್ತದೆ. ನನ್ನಿಂದ ಆಗುವವರೆಗೆ ಒಂದು ದಿನವೂ ಬಿಡುವುದಿಲ್ಲ.

ನಿನ್ನೆ ಹಚ್ಚಿದ್ದು ಒಣಗಿದ ಮೇಲೆ, ಬೇಕೆಂತಲೇ ಹೊಸ್ತಿಲ ಮೇಲೆ ಹತ್ತಿ ನಿಂತೆ. ಪೇಪರ್ ಬಿಚ್ಚಿ ಹಿಡಿದೆ. ಒಂದು ಅಕ್ಷರವನ್ನೂ ಓದಲಿಲ್ಲ. ಕಿವಿಯೆಲ್ಲ ಅಡುಗೆಮನೆಯ ಕಡೆ. ಲಿಫ್ಟ್ ಮೇಲೆ ಬಂತು, ಕೆಳಗೆ ಹೋಯಿತು. ನಾನು ನಿಂತೇ ಇದ್ದೆ. ಕೊನೆಗೆ ನಾನೇ "ಇಳೀರಿ ಕೆಳಗ" ಎಂದು ಹೇಳಿಕೊಂಡು ಇಳಿದೆ.

ನನ್ನ ದನಿಯಲ್ಲಿ ಅದು ಸರಿಯಾಗಿ ಬರಲಿಲ್ಲ.

ನಿನ್ನ ಮನೆಯವ,
ಹಿರೇಮಠ