ಅಮ್ಮನ ಶ್ರುತಿಗೆ ಒಂಬತ್ತು ವೋಲ್ಟ್

ಅಪ್ಪಾ,

ಇವತ್ತು ಬೆಳಿಗ್ಗೆ ಅಮ್ಮ ಬೀನ್ಸ್ ಹೆಚ್ಚುತ್ತಾ ಗುನುಗುತ್ತಿದ್ದಳು. ನನ್ನನ್ನು ಕಂಡದ್ದೇ ನಿಲ್ಲಿಸಿಬಿಟ್ಟಳು. ಮುಂದಿನ ವಾರ ನಮ್ಮ ಪಾಡಾದ, ಈ ಬಂಗಾಳಿ ಕೇರಿಯ, ಸರಸ್ವತಿ ಪೂಜೆಯಲ್ಲಿ ಅವಳು ಹಾಡಬೇಕು, ನೀನು ಹೋದಮೇಲೆ ಮೊದಲ ಸಲ. ಆದರೆ ಶ್ರುತಿಪೆಟ್ಟಿಗೆಗೆ ನೀನು ಮಾಡಿಕೊಟ್ಟ ಪವರ್ ಸಪ್ಲೈ ಸುಟ್ಟುಹೋಗಿತ್ತು. ಹೊಸದು ತರೋಣವೆಂದರೆ, "ಅದಿಲ್ದಿದ್ರೆ ನಾನು ಹಾಡೋದೇ ಇಲ್ಲ ಕಣೇ" ಅಂದಳು. ಅದಕ್ಕೇ ನಾನೇ ಅದನ್ನು ರಿಪೇರಿ ಮಾಡಲು ಹೊರಟೆ.

ಊಟಕ್ಕೆ ಕೂತಾಗ ನೀನು ವೋಲ್ಟೇಜು ಹದಮಾಡುವ ರೆಗ್ಯುಲೇಟರಿನ ಪಾಠ ಮಾಡಿದ್ದು ನೆನಪಿದೆಯಾ? "ಎರಡು ರೆಸಿಸ್ಟರ್, ಪುಟ್ಟಿ. ಮೊದಲನೇದು ನಿಮ್ಮಮ್ಮ. ಇನ್ನೂರ ನಲವತ್ತು ಓಮ್, ಜಪ್ಪಯ್ಯ ಅಂದ್ರೂ ಬದಲಾಗಲ್ಲ. ಎರಡನೇದು ನಾನು, ಅಡ್ಜಸ್ಟ್ ಮಾಡ್ಕೋಬೇಕಾದವನು." ಅಮ್ಮ ಸಾರಿನ ಸೌಟು ಎತ್ತಿದ್ದಳು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಒಂದು ಕೂಡಿ, ಒಂದೂಕಾಲರಿಂದ ಗುಣಿಸಬೇಕು, ಅಲ್ಲವಾ? ಸಾಹಿತ್ಯ ಓದಿದವಳ ಲೆಕ್ಕದಲ್ಲಿ ಪ್ರತಿಸಲವೂ ಬೇರೆ ಬೇರೆ ಅಪ್ಪ ಬಂದ. ಕೊನೆಗೆ ಸಾವಿರದೈನೂರು ಓಮಿಗೆ ಪೆಟ್ಟಿಗೆಗೆ ಬೇಕಾದ ಒಂಬತ್ತು ವೋಲ್ಟ್ ಕೂತಿತು.

ಬಣ್ಣದ ಪಟ್ಟಿಗಳನ್ನು ನೀನು ಹಾಡಿಸಿ ಕಲಿಸಿದ್ದೆ. ಸೊನ್ನೆಯಿಂದ ಒಂಬತ್ತರವರೆಗೆ ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ಮೊದಲಕ್ಷರ ಎಳೆದರೆ ಕಾ ಕಾ ಕಾ ಕಾ, ಹಾ ಹಾ, ನಾ ನಾ, ಬಾ ಬಾ. ಚಾಂದನಿ ಮಾರ್ಕೆಟ್ಟಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅದನ್ನೇ ಗೊಣಗಿಕೊಂಡೆ. ಸಾವಿರದೈನೂರಕ್ಕೆ ಕಂದು, ಹಸಿರು, ಆಮೇಲೆ ಎರಡು ಸೊನ್ನೆಗೆ ಕೆಂಪು. ಆ ಮೂರನೆಯ ಪಟ್ಟಿ ಕೆಂಪೋ ಕಿತ್ತಳೆಯೋ? ಕಿತ್ತಳೆಯಾದರೆ ಓಮ್ ಹತ್ತುಪಟ್ಟು, ಅಮ್ಮನ ಪೆಟ್ಟಿಗೆ ಭಸ್ಮ.

"ಕಾ ಕಾ..."

"ಬೋಲೋ ಮಾ," ಹೇಳಮ್ಮಾ ಎಂದರು ಅಂಗಡಿಯ ಹಿರಿಯರು. ಬಂಗಾಳಿಯಲ್ಲಿ ಅವರನ್ನು ಚಿಕ್ಕಪ್ಪಾ ಅಂದಂತಾಗಿತ್ತು! "ಹಾ ಹಾ" ಎಂದೆ, ಅವರೂ ನಕ್ಕರು. "ನಾ ನಾ" ಎಂದದ್ದೇ, ಬೇಡವೆಂದುಕೊಂಡು ರೆಸಿಸ್ಟರುಗಳನ್ನು ಡಬ್ಬಿಗೆ ತುಂಬಿಬಿಟ್ಟರು. ಗಾಬರಿಯಲ್ಲಿ ಉಳಿದದ್ದೂ ಬಾಯಿಂದ ಬಂತು. "ಬಾ ಬಾ!"

ಅವರು ನನ್ನ ಬೆನ್ನ ಹಿಂದೆ ಇಣುಕಿದರು. "ಬಾಬಾ ಕೊಥಾಯ್?" ಅಪ್ಪ ಎಲ್ಲಿ ಎಂದು.

"ಬಾಬಾ ನೇಯಿ," ಎಂದೆ, ಅಪ್ಪ ಇಲ್ಲವೆಂದು. ಅವರು ಡಬ್ಬಿಯನ್ನು ಮತ್ತೆ ಸುರಿದು, ದೀಪವನ್ನು ನನ್ನ ಕಡೆಗೆ ತಿರುಗಿಸಿದರು. "ಆಸ್ತೆ ಆಸ್ತೆ ದೇಖೋ, ಮಾ." ನಿಧಾನವಾಗಿ ನೋಡಿದೆ. ಕೆಂಪೇ.

ಬೆಸುಗೆ ಹಾಕುವಾಗ ಮೇಜಿನ ಮೇಲೂ ಒಂದಿಷ್ಟು ಬಿತ್ತು, ಬೈಯಬೇಡ. ಮೀಟರಿನಲ್ಲಿ ಒಂಬತ್ತು, ಮೇಲೆ ಚಿಟಿಕೆಯಷ್ಟು. ಪೆಟ್ಟಿಗೆ ಝೇಂಕರಿಸಿತು. "ಮೊದಲಿನ ಥರ ಇಲ್ಲ," ಎಂದು ಮೂಗು ಮುರಿದು ಅಮ್ಮ ಹಾಡಲು ಕೂತವಳು, ಅನ್ನ ತಳ ಹಿಡಿಯುವವರೆಗೂ ಏಳಲಿಲ್ಲ.

ವೇದಿಕೆಯ ಮೇಲೆ ಅವಳ ಎಡಕ್ಕೆ, ಪೆಟ್ಟಿಗೆಯ ಪಕ್ಕ ನೀನು ಕೂರುತ್ತಿದ್ದೆ. ಕ್ಲಾಸಿನಲ್ಲಿ ಹಾಜರಿ ಹೇಳುವುದಕ್ಕೂ ನಾಚುತ್ತಿದ್ದ ನಾನು ಈ ಸಲ ಅಲ್ಲಿ ಕೂರುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.