ಹಣೆ ಹೇಳದ ಮಾತು

ಭಾನುವಾರ ಮಧ್ಯಾಹ್ನ,
ಅಂಗಡಿಯ ಒಳಕೋಣೆಯಿಂದ

ಅಕ್ಕಾ,

ನಿನ್ನ ಕಾಗದ ಬಂದು ವಾರವಾಯಿತು. ಹಿಂದಿನ ಕೋಣೆಗೆ ದಪ್ಪ ಪರದೆ ಹಾಕಿಸಿದ್ದೀಯೆಂದೂ, ಭಾವ ಗೋಡೆ ಗಡಿಯಾರವನ್ನು ಟಿಕ್‌ಟಿಕ್ ಕೇಳದಷ್ಟು ದೂರಕ್ಕೆ ಸಾಗಿಸಿದರೆಂದೂ, ಇನ್ನು ನಾನು ಬಂದು ಇದ್ದುಬಿಡುವುದೊಂದೇ ಬಾಕಿಯೆಂದೂ ಬರೆದಿದ್ದೀಯೆ. ಉತ್ತರ ತಡವಾದದ್ದಕ್ಕೆ ಕಾರಣ ತಲೆನೋವಲ್ಲ. ಅಷ್ಟನ್ನು ಮೊದಲು ತಿಳಿದುಕೊಂಡು ಉಸಿರು ಬಿಡು. ಉಳಿದದ್ದನ್ನು ನಿಧಾನವಾಗಿ ಓದು.

ಅಟ್ಟದ ಮೇಲಿನ ದೊಡ್ಡ ಡ್ರಮ್ಮು ನನ್ನ ತಲೆಯ ಮೇಲೆ ಬಿದ್ದು ವರ್ಷವಾಗುತ್ತ ಬಂತು. ಗಾಯ ಬೇಗ ಮಾಯಿತು. ನೋವು ಮಾತ್ರ ಹೊರಡುವ ಮಾತೇ ಎತ್ತದ ನೆಂಟನ ಹಾಗೆ ಕೂತುಬಿಟ್ಟಿತು. ಬ್ಯಾಂಡಿನ ವಾದ್ಯ ರಿಪೇರಿ ಮಾಡುವವರ ಮನೆಯಲ್ಲಿ ಸದ್ದು ಕೇಳಿದರೆ ನೋವೇಳುವವಳೊಬ್ಬಳು ಇದ್ದರೆ ಹೇಗಿರುತ್ತದೆ ಹೇಳು. ಇವರು ಸುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಟ್ರಂಪೆಟ್ಟುಗಳ ನೆಗ್ಗು ತೆಗೆಯುತ್ತಿದ್ದರು. ರಿಪೇರಿಯಾದದ್ದನ್ನು ಊದಿ ನೋಡಲು ಊರಾಚೆಯ ಮೈದಾನಕ್ಕೆ ಹೋಗುತ್ತಿದ್ದರು. ಅಲ್ಲಿ ಮೇಯುವ ದನಗಳು ಈಗ ಇವರನ್ನು ಕಂಡರೆ ಸಾಕು, ಗುಂಪಾಗಿ ಬೇಲಿಯ ಕಡೆಗೆ ಸರಿಯುತ್ತವಂತೆ. ಹೀಗೆ ಎಷ್ಟು ದಿನ? ಕೊನೆಗೆ ಇಬ್ಬರೂ ಕೂತು ಮಾತಾಡಿಕೊಂಡೆವು. ಈ ಸಲದ ಇಂಜೆಕ್ಷನ್ನಿಗೂ ನೋವು ಬಗ್ಗದಿದ್ದರೆ ಅಂಗಡಿಯನ್ನು ಎದುರು ಸಾಲಿನ ಸೈಕಲ್ ಅಂಗಡಿಯವರಿಗೆ ಬಿಟ್ಟುಕೊಡುವುದು, ನಾನು ನಿನ್ನಲ್ಲಿಗೆ ಬರುವುದು, ಇವರು ಯಾವುದಾದರೂ ಕಾರ್ಖಾನೆಗೆ ಸೇರುವುದು. ಹಾಗೆ ಮಾತಾಡುವಾಗ ಇವರು ಕಿಟಕಿ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

ಮೊದಲಿನ ಇಂಜೆಕ್ಷನ್ನು ತಲೆಯ ಹಿಂಭಾಗದಲ್ಲಿ, ನರದ ಪಕ್ಕಕ್ಕೆ ಹಾಕಿದ್ದು ನಿನಗೆ ಗೊತ್ತೇ ಇದೆ. ಅದರ ಗುಣ ಬಂದಷ್ಟೇ ಬೇಗ ಇಳಿದುಹೋಗಿತ್ತು. ಈ ಸಲದ ಔಷಧಿ ಬೇರೆ, ಮುಖದ ಸುಕ್ಕು ಹೋಗಲಾಡಿಸಲು ಅನುಕೂಲಸ್ಥರು ಹಾಕಿಸಿಕೊಳ್ಳುತ್ತಾರಲ್ಲ, ಅದೇ. ಹಣೆ, ಕಿವಿಯ ಮೇಲ್ಭಾಗ, ತಲೆಯ ಹಿಂದೆ, ಕತ್ತು, ಭುಜ, ಎಲ್ಲ ಕಡೆಯೂ ಸಣ್ಣ ಸೂಜಿಯಿಂದ ಚುಚ್ಚುತ್ತ ಹೋದರು. ಸೊಳ್ಳೆ ಕಚ್ಚಿದ ಹಾಗೆ ಅಷ್ಟೇ ಎಂದರು ಡಾಕ್ಟರಮ್ಮ. ಸೊಳ್ಳೆ ಸಂಸಾರ ಸಮೇತ ಬಂದ ಹಾಗಿದೆ ಡಾಕ್ಟ್ರೇ, ಎಂದೆ. ಅವರಿಗೆ ನಗು ಬಂದು ಸೂಜಿಯನ್ನು ಸ್ವಲ್ಪ ಹೊತ್ತು ದೂರ ಹಿಡಿಯಬೇಕಾಯಿತು. ಗುಣ ಕಾಣಲು ಸಮಯ ಬೇಕು, ಎಲ್ಲರಿಗೂ ಹಿಡಿಸುತ್ತದೆಂದು ಹೇಳಲಾಗದು, ಹಿಡಿಸಿದರೂ ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು, ಸ್ವಲ್ಪ ಕಾಲ ಹಣೆ ಅಲ್ಲಾಡುವುದಿಲ್ಲ ಎಂದೆಲ್ಲ ವಿವರಿಸಿದರು. ಕೊನೆಯದಕ್ಕೂ ಹೂಂಗುಟ್ಟಿದೆ. ಅದರಿಂದ ನಮ್ಮ ಅಂಗಡಿಯಲ್ಲಿ ಏನಾದೀತೆಂದು ಹೊಳೆಯಲಿಲ್ಲ.

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಹೌದು, ಹಣೆಯ ಗೆರೆಗಳೆಲ್ಲ ಹೋಗಿವೆ. ನಾವಿಬ್ಬರೂ ಜೊತೆಗೆ ನಿಂತರೆ ನಿನ್ನನ್ನು ನನ್ನ ಅತ್ತೆ ಅಂದಾರು. ಹೊಟ್ಟೆಕಿಚ್ಚು ಪಡಬೇಡ.

ನಮ್ಮ ಕೆಲಸದ ಕ್ರಮ ನೀನು ನೋಡಿದ್ದೀಯೆ, ಆದರೆ ಗಮನಿಸಿರಲಾರೆ. ಇವರು ವಾದ್ಯ ಊದುವಾಗ ಮಾತಾಡಲು ಬಾಯಿಗೆ ಬಿಡುವಿರುವುದಿಲ್ಲ, ನಾನು ಮಾತಾಡಿದರೆ ಅವರಿಗೆ ಕೇಳಿಸುವುದಿಲ್ಲ. ಹಾಗಾಗಿ ಮದುವೆಯಾದಾಗಿನಿಂದ ನಮ್ಮದು ಹಣೆಯ ವ್ಯವಹಾರ. ಸ್ವರ ಏರಿದ್ದರೆ ನಾನು ಹುಬ್ಬು ಎತ್ತುತ್ತೇನೆ. ಇಳಿದಿದ್ದರೆ ಗಂಟಿಕ್ಕುತ್ತೇನೆ. ಹಣೆ ಸುಮ್ಮನಿದ್ದರೆ ವಾದ್ಯ ಪಾಸು, ಪೆಟ್ಟಿಗೆಗೆ ಹೋಯಿತೆಂದು ಅರ್ಥ. ನನ್ನ ಕಿವಿಯ ಮೇಲೆ ಇವರಿಗಿರುವ ನಂಬಿಕೆ ಬೇರೆ ಯಾವ ಯಂತ್ರದ ಮೇಲೂ ಇಲ್ಲ.

ಇಂಜೆಕ್ಷನ್ನಾದ ಮೇಲೆ ಒಂದು ದಿನ ಧೈರ್ಯ ಮಾಡಿ, ಕಿವಿಗೆ ಹತ್ತಿ ಇಟ್ಟುಕೊಂಡು, ಅಂಗಡಿಯಲ್ಲಿ ಬಂದು ಕೂತೆ. ಇವರು ಅಗ್ನಿಶಾಮಕ ದಳದ ಬ್ಯಾಂಡಿನ ಟ್ರಂಪೆಟ್ ಹಿಡಿದು, ಬಾಗಿಲಾಚೆ ನಿಂತು, ಮಗುವನ್ನು ಮಲಗಿಸುವವರ ಹಾಗೆ ಮೆಲ್ಲಗೆ ಊದಿದರು. ನಡುವಿನ ವಾಲ್ವಿನ ಕೊಳವೆಯ ಬೆಸುಗೆ ಸರಿಯಾಗಿ ಕೂತಿರಲಿಲ್ಲ, ಅದನ್ನು ಒತ್ತಿದಾಗಲೆಲ್ಲ ಸ್ವರ ಇರಬೇಕಾದ್ದಕ್ಕಿಂತ ಕೆಳಗಿಳಿಯುತ್ತಿತ್ತು. ನಾನು ಚೆನ್ನಾಗಿಯೇ ಗಂಟಿಕ್ಕಿದೆ. ಇವರು ತಲೆಯಾಡಿಸಿ ಒಳಗೆ ಹೋದರು. ಮತ್ತೆ ಬೆಸುಗೆಗೆ ಕೂತರೆಂದು ನಾನು ನಂಬಿದೆ. ಇವರು ಅದನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ದಳದ ಕಚೇರಿಗೆ ಕಳಿಸಿಬಿಟ್ಟಿದ್ದರು.

ಮೊನ್ನೆ ಬೆಳಿಗ್ಗೆ ಬ್ಯಾಂಡ್ ಮಾಸ್ತರರು ಪೆಟ್ಟಿಗೆ ಹಿಡಿದು ಬಂದರು. ನಾನು ಗಲ್ಲಾದ ಹಿಂದೆ ಕೂತಿದ್ದೆ.

“ಏನ್ರೀ, ಇದು ಟ್ರಂಪೆಟ್ಟೋ ಹಸಿದ ಕರುವೋ?” ಅಂದರು. “ನಿನ್ನೆ ನಮ್ಮ ಸಾಹೇಬ್ರ ಬೀಳ್ಕೊಡುಗೆ. ಇದು ಕೂಗಿದ್ದು ಕೇಳಿ ಅವ್ರ ಕಣ್ಣಲ್ಲಿ ನೀರು. ಪುಣ್ಯಕ್ಕೆ ಜನ ದುಃಖ ಅಂದ್ಕೊಂಡ್ರು.”

ಇವರ ಮುಖ ಬಿಳಿಚಿಕೊಂಡಿತು. “ನಮ್ಮನೆಯವಳೇ ಕೂತು ಕೇಳಿ ಪಾಸ್ ಮಾಡಿದ್ದು, ಸ್ವಾಮಿ.”

“ನಾನೆಲ್ಲಿ ಪಾಸ್ ಮಾಡಿದೆ? ಹುಬ್ಬು ಗಂಟು ಹಾಕಿದ್ನಲ್ಲ, ನೀವು ನೋಡ್ಲಿಲ್ವಾ?”

“ಎಲ್ಲಿತ್ತೇ ಗಂಟು? ಇಸ್ತ್ರಿ ಮಾಡಿದ ಹಾಗಿತ್ತು ನಿನ್ನ ಹಣೆ.”

“ಈಗ ನೋಡಿ, ಹಾಕ್ತಿದೀನಿ.”

“ಎಲ್ಲಿ?”

ಮಾಸ್ತರರೂ ಬಗ್ಗಿ ನನ್ನ ಹಣೆ ಪರೀಕ್ಷಿಸಿದರು. ಅವರಿಗೂ ಕಾಣಲಿಲ್ಲ. ಗಂಡಹೆಂಡಿರು ಸೇರಿಕೊಂಡು ಮಾತು ತೇಲಿಸುತ್ತಿದ್ದೇವೆ ಅನ್ನಿಸಿತೋ ಏನೋ, “ಇರಿ, ನೀವೇ ಕೇಳಿ” ಎಂದು ಅಲ್ಲೇ, ನನ್ನ ಮುಖದೆದುರಿಗೇ, ಎದೆ ತುಂಬ ಉಸಿರೆಳೆದು ಊದಿಬಿಟ್ಟರು.

ಇವರು ಬೇಡ ಬೇಡ ಎನ್ನುತ್ತ ಸ್ಟೂಲು ಉರುಳಿಸಿಕೊಂಡು ಹಾರಿ ಬಂದು, ಪಾಲಿಶ್ ಮೆತ್ತಿದ ಎರಡೂ ಅಂಗೈಯಿಂದ ನನ್ನ ಕಿವಿ ಮುಚ್ಚಿದರು. ನಾನು ಕಣ್ಣು ಮುಚ್ಚಿ ಕಾದೆ. ನೋವು ಯಾವಾಗಲೂ ಕತ್ತಿನ ಬುಡದಿಂದ ಏಳುತ್ತಿತ್ತು. ಸದ್ದಾದೊಡನೆ ಅಲ್ಲಿಂದ ಹೊರಟು, ತಲೆಯ ಹಿಂಭಾಗ ಹತ್ತಿ, ಕಣ್ಣಿಗೆ ಬಂದು ಸೇರುತ್ತಿತ್ತು. ಈಗಲೂ ಬರುತ್ತದೆಂದು ಕಾದೆ. ಮಾಸ್ತರರು ಗಾಬರಿಯಾಗಿ ಏನಾಯ್ತಮ್ಮ ಎಂದು ಕೇಳುತ್ತಿದ್ದರು. ಬರಲಿಲ್ಲ. ನಾನು ಇವರ ಕೈಗಳನ್ನು ಕಿವಿಯಿಂದ ಬಿಡಿಸಿದೆ.

“ಇನ್ನೊಂದು ಸಲ ಊದಿ,” ಅಂದೆ.

ಮಾಸ್ತರರು ಇವರ ಕಡೆ ನೋಡಿದರು. ಇವರು ನನ್ನನ್ನೇ ನೋಡುತ್ತಿದ್ದರು. ಅವರು ಹೆದರುತ್ತ ಊದಿದರು. ಇನ್ನೂ ಜೋರಾಗಿ, ಅಂದೆ. ಊದಿದರು. ಸ್ವರ ಇಳಿದೇ ಇತ್ತು, ನಿಜಕ್ಕೂ ಕರುವಿನ ಹಾಗೇ ಇತ್ತು, ಅಕ್ಕಾ, ಆದರೆ ನಾನು ಅಷ್ಟು ಇಂಪಾದದ್ದನ್ನು ಕೇಳಿ ಬಹಳ ಕಾಲವಾಗಿತ್ತು. ಬೈಯೋಕೆ ಬಂದವನ ಹತ್ರ ಸಂಗೀತ ಕಚೇರಿ ಮಾಡಿಸ್ತಿದೀರಲ್ಲ ಎಂದರು ಮಾಸ್ತರರು. ವಿಷಯ ತಿಳಿದ ಮೇಲೆ ಅವರೇ ಅಟ್ಟದ ಮೇಲಿನ ಡ್ರಮ್ಮು ಇಳಿಸಿಕೊಂಡು ಬಾರಿಸತೊಡಗಿದರು. ಪಕ್ಕದ ದರ್ಜಿ ಕಿಟಕಿ ಮುಚ್ಚಿಕೊಂಡ. ಇವರು ಮಾತ್ರ ಉರುಳಿದ್ದ ಸ್ಟೂಲನ್ನೂ ಎತ್ತದೆ ನೆಲದ ಮೇಲೇ ಕೂತು, ಆ ಕಪ್ಪು ಕೈಯಲ್ಲೇ ಕಣ್ಣೊರೆಸಿಕೊಂಡು, ಕಳ್ಳ ಬೆಕ್ಕಿನ ಮೋರೆ ಮಾಡಿಕೊಂಡು ನಗುತ್ತಿದ್ದರು. ನನ್ನ ಕಿವಿಯ ಮೇಲಿನ ಪಾಲಿಶ್ ಇನ್ನೂ ಪೂರ್ತಿ ಹೋಗಿಲ್ಲ.

ಪೂರ್ತಿ ಗುಣವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ನಿನ್ನೆ ಸಂಜೆ ಸ್ವಲ್ಪ ನೋವಿತ್ತು, ಮಲಗಿ ಎದ್ದ ಮೇಲೆ ಹೋಯಿತು. ಮತ್ತೆ ಸೂಜಿಗೆ ಹೋಗಬೇಕು, ಹೋಗುತ್ತೇನೆ. ಆದರೆ ನಿನ್ನ ಕೋಣೆಗೆ ಬಂದು ಇರುವುದಿಲ್ಲ. ನಾಲ್ಕು ದಿನ ನೆಂಟಳಾಗಿ ಬರುತ್ತೇನೆ, ಪರದೆ ತೆಗೆದಿಡು. ಭಾವನಿಗೂ ಹೇಳು, ಗಡಿಯಾರವನ್ನು ಅದರ ಗೋಡೆಗೇ ಹಾಕಲಿ.

ಟ್ರಂಪೆಟ್ಟಿನ ಬೆಸುಗೆ ಸರಿಮಾಡಿದ್ದಾಯಿತು. ಈಗ ಸ್ವರ ಏರಿದರೆ ಬಲಗೈ ಎತ್ತುತ್ತೇನೆ, ಇಳಿದರೆ ಎಡಗೈ. ಟ್ರಾಫಿಕ್ ಪೋಲೀಸರ ಹಾಗೆ ಕಾಣ್ತೀಯೆ ಎನ್ನುತ್ತಾರೆ ಇವರು.

ಸದ್ದುಗದ್ದಲದ ನಡುವೆ ಸುಖವಾಗಿರುವ,
ನಿನ್ನ ತಂಗಿ

ಲಕೋಟೆ ಅಂಟಿಸುವ ಮೊದಲು: ಸೈಕಲ್ ಅಂಗಡಿಯವರು ಈಗಷ್ಟೇ ಬಂದು ಹೋದರು. ಅಂಗಡಿ ಬಿಟ್ಟುಕೊಡುವುದಿಲ್ಲವೆಂದು ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದರೆ ಅವರು ನಕ್ಕರು. “ಅದನ್ನ ನಿಮ್ಮ ಯಜಮಾನ್ರು ಆಗಲೇ ಹೇಳಿಯಾಯ್ತಲ್ಲಮ್ಮ, ನೀವು ಇಂಜೆಕ್ಷನ್ನಿಗೆ ಹೋಗೋಕೆ ಮುಂಚೇನೇ.” ಯಾಕೆಂದು ಅವರು ಕೇಳಿದ್ದಕ್ಕೆ ಇವರು, ಅವಳು ಗುಣವಾಗಿ ಬಂದು ಅಂಗಡಿ ಎಲ್ಲಿ ಅಂತ ಕೇಳಿದ್ರೆ ಉತ್ತರ ಕೊಡೋರು ನೀವಾ, ಅಂದರಂತೆ. ಒಳಗೆ ಹೋಗಿ, ನಿಜವಾ ಎಂದು ಕೇಳಿದೆ. ಇವರು ತಲೆಯೆತ್ತದೆ, ಸ್ಯಾಕ್ಸೋಫೋನಿನ ಸಣ್ಣ ಪ್ಯಾಡ್ ಎಲ್ಲಿಟ್ಟೆ ನೋಡು ಅಂದರು. ಪ್ಯಾಡ್ ಅವರ ಕೈಯಲ್ಲೇ ಇತ್ತು.