ಮೇಸ್ತ್ರಿಯ ಮಾತ್ರೆ ಡಬ್ಬಿ

ಮಾರ್ಚ್ ೧೪, ಗುರುವಾರ

ನಮ್ಮ ಗೋದಾಮಿನ ಮೇಸ್ತ್ರಿಗೆ ‘ಡಾಕ್ಟ್ರು’ ಅಂತ ಹೆಸರಿಟ್ಟವನು ನಾನೇ. ಆ ಬೆಪ್ಪ ಅದನ್ನೇ ನಿಜ ಅಂದುಕೊಂಡ. ಮೂಟೆ ಹೊರುವವರು ಸೊಂಟ ಅಂದರೂ ಹಲ್ಲು ಅಂದರೂ ಡಬ್ಬಿ ತೆಗೆದು ಅದೇ ನೋವಿನ ಮಾತ್ರೆ ಕೊಡುತ್ತಾನೆ. ಯಾರೂ ರಜೆ ಹಾಕಬಾರದು, ಅಷ್ಟೇ ಅವನು ಓದಿದ ಡಾಕ್ಟರಿಕೆ.

ಅಲ್ಲೇ ಮೂಟೆ ಹೊರುವ ನನ್ನ ಭಾಮೈದ ಮಂಡಿ ಊತಕ್ಕೆ ಅದನ್ನೇ ಒಂದು ತಿಂಗಳಿಂದ ದಿನಕ್ಕೆ ನಾಲ್ಕು ನುಂಗುತ್ತಿದ್ದ, ಅದೂ ಖಾಲಿ ಹೊಟ್ಟೆಗೆ, ಬರೀ ಟೀ ಜೊತೆ. ಬೆಳಿಗ್ಗೆ, “ಭಾವ, ಎರಡು ದಿನದಿಂದ ಕಕ್ಕಸು ಟಾರಿನ ಥರ ಕಪ್ಪಗೆ ಹೋಗ್ತಿದೆ” ಅಂದ.

“ಹಾಗಾದ್ರೆ ರಸ್ತೆ ಕೆಲ್ಸಕ್ಕೆ ಸೇರ್ಕೊಳ್ಳೋ” ಅಂದೆ. ಎಲ್ಲರೂ ನಕ್ಕರು. ಅರ್ಧ ಗಂಟೆಯಲ್ಲಿ ಮೂಟೆ ಸಮೇತ ಬಿದ್ದ.

ಆಸ್ಪತ್ರೆಗೆ ಹಾಕಿದೆವು. ಆ ಮಾತ್ರೆಯಿಂದಲೇ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಿದೆಯಂತೆ, ಕಪ್ಪಗೆ ಹೋಗ್ತಿದ್ದದ್ದು ಅದೇ ರಕ್ತವಂತೆ. ಉಳಿಯುತ್ತಾನೋ ಇಲ್ಲವೋ ನಾಳೆ ಹೇಳುತ್ತಾರಂತೆ.

ಸಂಜೆ ಮೇಸ್ತ್ರಿ ಫೋನು. “ನಾಳೆ ಬರ್ತಾನೇನಯ್ಯಾ? ಎರಡು ಮಾತ್ರೆ ಎತ್ತಿಟ್ಟಿದೀನಿ.”

“ನೀವೇ ಅವನ ಮೂಟೆ ಹೊರಿ ಡಾಕ್ಟ್ರೇ. ಸೊಂಟ ಹಿಡ್ಕೊಂಡ್ರೆ ಆ ಎರಡೂ ನಿಮಗೇ. ಥೂ ನಿಮ್ಮ ಜನ್ಮಕ್ಕೆ!” ಅಂದು ಫೋನಿಟ್ಟೆ.

ತಮ್ಮನ ಮಂಚದ ಪಕ್ಕ ಕೂತಿದ್ದ ಹೆಂಡತಿ ಕೇಳಿದಳು, “ಇವನು ನಿಮ್ಮತ್ರ ಏನೂ ಹೇಳಿರ್ಲಿಲ್ವಾ?”

“ಇಲ್ಲ ಕಣೇ” ಅಂದುಬಿಟ್ಟೆ, ಮೇಸ್ತ್ರಿಗೆ ಉಗಿದ ಅದೇ ಬಾಯಲ್ಲಿ.